ಆರು ವರ್ಷದ ಮಗಳು ಮಾತಾಡಿಸಿದವರ ಮುಖ ನೋಡಲ್ಲ. ಕ್ಲಾಸಿಗೆ ಸೇರಿಸಬೇಕಾ?

ಪುಟ್ಟಿಯಮ್ಮ
ಮಗಳಿಗೆ ಆರು ವರ್ಷ. ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ. ಹೊರಗಿನವರು "ಹೆಸರೇನು ಪುಟ್ಟಿ?" ಅಂದರೆ ಸಾಕು, ನನ್ನ ಹಿಂದೆ ಸೇರಿಕೊಳ್ಳುತ್ತಾಳೆ. ಉತ್ತರ ಕೊಟ್ಟರೂ ನೆಲ ನೋಡಿಕೊಂಡು ಕೊಡುತ್ತಾಳೆ. ಶಾಲೆಯಲ್ಲಿ ಟೀಚರ್ ಹತ್ತಿರ ಮಾತಾಡುತ್ತಾಳೆ, ಇಬ್ಬರು ಗೆಳತಿಯರೂ ಇದ್ದಾರೆ. ಆದರೆ ಗುಂಪಿನಲ್ಲಿ ಇವಳು ಬರೀ ಕೇಳಿಸಿಕೊಳ್ಳುವವಳು.

ಮನೆಯಲ್ಲಿ ಈಗ ಎರಡು ಪಕ್ಷ. ಅತ್ತೆ "ದೊಡ್ಡವಳಾದ ಮೇಲೆ ತಾನೇ ಸರಿಹೋಗುತ್ತಾಳೆ, ಬಿಡು" ಅನ್ನುತ್ತಾರೆ. ನಮ್ಮವರು ಒಂದು ಆನ್‌ಲೈನ್ ಕ್ಲಾಸ್ ಹುಡುಕಿದ್ದಾರೆ. ಅದರ ಜಾಹೀರಾತಿನಲ್ಲಿ "ಸಂವಹನದಲ್ಲಿ ಶೇ. 93 ದೇಹಭಾಷೆ, ಮಾತು ಬರೀ ಶೇ. 7" ಅಂತ ದೊಡ್ಡದಾಗಿ ಬರೆದಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ನೆಟ್ಟಗೆ ನಿಲ್ಲುವುದು, ಕೈ ಆಡಿಸಿ ಮಾತಾಡುವುದು ಎಲ್ಲ ಕಲಿಸುತ್ತಾರಂತೆ.

ಇದೆಲ್ಲ ಕಲಿಸಿದರೆ ಬರುವಂಥದ್ದಾ? ಸೇರಿಸಲಾ, ಬೇಡವಾ?

ಹಳೇಛತ್ರಿ
ಆರು ವರ್ಷಕ್ಕೆ ಕೈ ಆಡಿಸಿ ಭಾಷಣ ಮಾಡಿ ಚುನಾವಣೆಗೆ ನಿಲ್ಲಬೇಕಾ? ಬಿಡಿ ಮೇಡಂ.

ಲೆಕ್ಕದಮೇಷ್ಟ್ರು
ಆ 93ರ ಲೆಕ್ಕ ಕಂಡರೆ ನನಗೆ ಮೈ ಉರಿಯುತ್ತದೆ. ಅದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ ಬಂದದ್ದು. ಒಂದರಲ್ಲಿ ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ದನಿಯ ಜೊತೆ ಮುಖದ ಫೋಟೋ ತೋರಿಸಿದರು. ಕೇಳಿದ ಪ್ರಶ್ನೆ ಒಂದೇ: ಹೇಳಿದವರಿಗೆ ಎದುರಿನವರು ಇಷ್ಟವೋ ಅಲ್ಲವೋ? ಪದ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಅನ್ನುವುದಷ್ಟೇ ಅಲ್ಲಿದ್ದದ್ದು. ಪದಕ್ಕೆ 7, ದನಿಗೆ 38, ಮುಖಕ್ಕೆ 55 ಅನ್ನುವ ಸೂತ್ರ ಅಲ್ಲಿಂದ ಹುಟ್ಟಿತು. ಭಾವನೆ, ಇಷ್ಟಾನಿಷ್ಟದ ವಿಷಯಕ್ಕೆ ಬಿಟ್ಟು ಬೇರೆ ಕಡೆ ಇದನ್ನು ಹಚ್ಚಬೇಡಿ ಎಂದು ಅವರೇ ಹೇಳಿದ್ದಾರೆ.

ಎಲ್ಲ ಮಾತಿಗೂ ಇದು ಸರಿಯಾಗಿದ್ದರೆ, ಗೊತ್ತೇ ಇಲ್ಲದ ಭಾಷೆಯ ವಾರ್ತೆ ನೋಡಿದರೂ ನಮಗೆ ನೂರಕ್ಕೆ 93 ಅರ್ಥವಾಗಬೇಕಿತ್ತಲ್ವಾ?

ಗುಬ್ಬಚ್ಚಿ_ಅಪ್ಪ
ಸಂಖ್ಯೆ ತಪ್ಪು, ಒಪ್ಪಿದೆ. ಹಾಗಂತ ದೇಹಭಾಷೆ ಮುಖ್ಯವಲ್ಲ ಅನ್ನಬೇಡಿ ಸರ್. ನನ್ನ ಮಗ ಶಾಲೆಯಿಂದ ಬಂದು "ಏನೂ ಆಗಿಲ್ಲ" ಅನ್ನುತ್ತಾನೆ. ಭುಜ ಜೋತುಬಿದ್ದಿರುತ್ತದೆ. ನಾನು ಭುಜವನ್ನೇ ನಂಬುತ್ತೇನೆ.

ಲೆಕ್ಕದಮೇಷ್ಟ್ರು
ಸರಿಯೇ. ಆದರೆ ನೀವು ದೊಡ್ಡವರು. ಚಿಕ್ಕ ಮಕ್ಕಳು ಹೀಗೆ ಓದುವುದಿಲ್ಲ. 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಖುಷಿಯ ಸುದ್ದಿಯನ್ನು ಬೇಜಾರಿನ ದನಿಯಲ್ಲಿ, ಬೇಜಾರಿನ ಸುದ್ದಿಯನ್ನು ಖುಷಿಯ ದನಿಯಲ್ಲಿ ಕೇಳಿಸಿದರು. ದೊಡ್ಡವರು ದನಿ ನಂಬಿದರು. ಚಿಕ್ಕವರು ಹೆಚ್ಚಾಗಿ ಪದವನ್ನೇ ನಂಬಿದರು. ಅಂದರೆ ಆ ಕ್ಲಾಸಿನವರ ಲೆಕ್ಕ ಮಕ್ಕಳ ವಿಷಯದಲ್ಲಿ ಪೂರ್ತಿ ತಲೆಕೆಳಗು.

ಎರಡುಜಡೆ
ಅಯ್ಯೋ, ಅದಕ್ಕೇನಾ! ನನ್ನ ಐದು ವರ್ಷದವಳು ಬಣ್ಣದ ನೀರೆಲ್ಲ ಚೆಲ್ಲಿದಾಗ ನಾನು "ಭಾರಿ ಚೆನ್ನಾಗಿದೆ ಕಣೇ!" ಅಂದೆ. ಅವಳು "ಥ್ಯಾಂಕ್ಸ್ ಅಮ್ಮ" ಅಂದಳು.

ಹಳೇಛತ್ರಿ
ಚೆನ್ನಾಗಿಯೇ ಇತ್ತೇನೋ, ಯಾರಿಗೆ ಗೊತ್ತು.

ಮಾತಿನಮನೆ
ನಾನು ಸ್ಪೀಚ್ ಥೆರಪಿಸ್ಟ್. ವ್ಯಂಗ್ಯ ಅರ್ಥವಾಗಲು ಶುರುವಾಗುವುದೇ ಐದಾರು ವರ್ಷಕ್ಕೆ, ಆಮೇಲೂ ಅದು ನಿಧಾನವಾಗಿ ಬಲಿಯುತ್ತದೆ. ಆದ್ದರಿಂದ ಚಿಕ್ಕವರಿಗೆ ಬೈಯುವುದಿದ್ದರೆ ನೇರವಾಗಿ ಬೈದುಬಿಡಿ, ಸುತ್ತಿ ಬಳಸಿ ಬೇಡ.

ಪುಟ್ಟಿಯಮ್ಮ ಅವರೇ, ನಾಚಿಕೆ ಬೇರೆ, ಮಾತಿನ ತೊಂದರೆ ಬೇರೆ. ನಿಮ್ಮ ಮಗಳು ಮನೆಯಲ್ಲಿ ಮಾತಾಡುತ್ತಾಳೆ, ಟೀಚರ್ ಹತ್ತಿರವೂ ಮಾತಾಡುತ್ತಾಳೆ, ಗೆಳತಿಯರಿದ್ದಾರೆ. ಬರೆದದ್ದನ್ನು ನೋಡಿದರೆ, ಹೊಸಬರಿಗೆ ಹೊಂದಿಕೊಳ್ಳಲು ಹೊತ್ತು ಬೇಕಾದ ಮಗು ಅನಿಸುತ್ತದೆ. ಮನೆಯಲ್ಲಿ ಹರಟುವ ಮಗು ಶಾಲೆಯಲ್ಲಿ ತಿಂಗಳಿಗೂ ಹೆಚ್ಚು ಕಾಲ ಬಾಯಿಯೇ ಬಿಡದಿದ್ದರೆ ಆಗ ಬೇರೆ ಮಾತು ಹೇಳುತ್ತಿದ್ದೆ. ಅದನ್ನು ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಅದು ಹಠ ಅಲ್ಲ, ಆತಂಕ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಗ ಎಷ್ಟೋ ಮಕ್ಕಳು ಸುಮ್ಮನಿರುತ್ತವೆ.

"ಕಲಿಸಿದರೆ ಬರುತ್ತದಾ" ಅಂದಿರಿ. ಬರುತ್ತದೆ, ಆದರೆ ಪಾಠದ ರೀತಿಯಲ್ಲಿ ಅಲ್ಲ. ಮಾತು ಬರುವ ಮೊದಲೇ ಕೂಸು ಸಂಭಾಷಣೆ ಶುರುಮಾಡಿರುತ್ತದೆ. ಅದು ನಗುತ್ತದೆ, ನಾವು ನಗುತ್ತೇವೆ. ಅದು "ಊಂ" ಅನ್ನುತ್ತದೆ, ನಾವು "ಹೌದಾ, ಆಮೇಲೆ?" ಅನ್ನುತ್ತೇವೆ. 1978ರಲ್ಲಿ ಎಡ್ವರ್ಡ್ ಟ್ರೋನಿಕ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಅಮ್ಮ ಕೂಸಿನ ಜೊತೆ ಆಡುತ್ತಾ ಆಡುತ್ತಾ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುತ್ತಾ ಕೂರಬೇಕು. ಅಮ್ಮ ಅಲ್ಲೇ ಇದ್ದಾಳೆ, ನೋಡುತ್ತಲೂ ಇದ್ದಾಳೆ. ಆದರೂ ಸ್ವಲ್ಪ ಹೊತ್ತಿಗೇ ಕೂಸು ಅವಳನ್ನು ಮತ್ತೆ ಆಟಕ್ಕೆ ಎಳೆಯಲು ನೋಡುತ್ತದೆ. ಪ್ರತಿಕ್ರಿಯೆ ಬರದಿದ್ದರೆ ಮುಖ ತಿರುಗಿಸಿ ಕಂಗಾಲಾಗುತ್ತದೆ. ಬರೀ ನೋಟ ಸಾಲುವುದಿಲ್ಲ, ತಿರುಗಿ ಏನಾದರೂ ಬರಬೇಕು. ಆರು ವರ್ಷಕ್ಕೂ ಬೇಕಾದದ್ದು ಅದೇ.

ಗುಬ್ಬಚ್ಚಿ_ಅಪ್ಪ
ಅಂದರೆ ಫೋನ್ ನೋಡಿಕೊಂಡು "ಹ್ಞೂಂ ಹ್ಞೂಂ" ಅನ್ನುವ ನಾವೆಲ್ಲ ದಿನವೂ ಆ ಪ್ರಯೋಗ ಮಾಡುತ್ತಿದ್ದೇವೆ.

ಎರಡುಜಡೆ
ಇದನ್ನು ಓದುವಾಗ ಮಗಳು ಏನೋ ಹೇಳುತ್ತಿದ್ದಾಳೆ. ಆಮೇಲೆ ಬರುತ್ತೇನೆ.

ಶಿಸ್ತಿನಸಿಪಾಯಿ
ಎಲ್ಲರೂ ಚೆನ್ನಾಗಿ ಮಾತಾಡುತ್ತೀರಿ, ಆದರೆ ನಾಳೆ ಈ ಹುಡುಗಿ ಇಂಟರ್‌ವ್ಯೂಗೆ ಹೋಗಬೇಕು. ನೆಲ ನೋಡಿ ಉತ್ತರ ಕೊಟ್ಟರೆ ಯಾರು ಕೆಲಸ ಕೊಡುತ್ತಾರೆ? ಮುಖ ನೋಡಿ ಮಾತಾಡುವುದು ಮರ್ಯಾದೆ. ಚಿಕ್ಕಂದಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿಸಬೇಕು. ನಮ್ಮಪ್ಪ ನಮಗೆ ಹಾಗೇ ಮಾಡಿದ್ದು.

ಕಿಟಕಿಪಕ್ಕದಸೀಟು
ನನಗೆ ಆಟಿಸಂ ಇದೆ. ಗೊತ್ತಾಗಿದ್ದು ಕಾಲೇಜಿನಲ್ಲಿ. ಚಿಕ್ಕವನಿದ್ದಾಗ ಗಲ್ಲ ಹಿಡಿದು ತಿರುಗಿಸಿ "ನನ್ನ ಕಣ್ಣು ನೋಡು" ಅನ್ನುತ್ತಿದ್ದರು. ನೋಡುತ್ತಿದ್ದೆ. ಆದರೆ ನೋಡುವುದಕ್ಕೇ ಗಮನವೆಲ್ಲ ಖರ್ಚಾಗಿ, ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ಆಮೇಲೆ "ಮುಖ ನೋಡ್ತಾನೆ, ಮಾತು ಕೇಳಲ್ಲ" ಅಂತ ಇನ್ನೊಂದು ಬೈಗುಳ.

ಇಂಟರ್‌ವ್ಯೂ ಪಾಸಾಗಿದ್ದೇನೆ ಸರ್. ಎದುರಿನವರ ಹುಬ್ಬು ನೋಡಿಕೊಂಡು ಮಾತಾಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

ಶಿಸ್ತಿನಸಿಪಾಯಿ
ನಿಮ್ಮ ವಿಷಯ ಬೇರೆ. ಎಲ್ಲ ಮಕ್ಕಳಿಗೂ ಅದನ್ನೇ ಹಚ್ಚಲು ಆಗುತ್ತದಾ?

ಲೆಕ್ಕದಮೇಷ್ಟ್ರು
ಎಲ್ಲ ಮಕ್ಕಳಿಗೂ ಸ್ವಲ್ಪ ಮಟ್ಟಿಗೆ ಹೊಂದುತ್ತದೆ. ಯೋಚನೆ ಮಾಡುವಾಗ ನಾವೆಲ್ಲ ಚಾವಣಿಯನ್ನೋ ಗೋಡೆಯನ್ನೋ ನೋಡುತ್ತೇವೆ, ಅಲ್ವಾ? ಎದುರಿಗಿರುವ ಮುಖದಲ್ಲಿ ಓದಲು ಜಾಸ್ತಿ ಇದೆ, ಅದನ್ನು ಬದಿಗಿಟ್ಟರೆ ತಲೆಗೆ ಜಾಗ ಸಿಗುತ್ತದೆ. 2006ರಲ್ಲಿ ಬ್ರಿಟನ್ನಿನ ಸಂಶೋಧಕರು ಐದು ವರ್ಷದ ಮಕ್ಕಳಿಗೆ ಕಷ್ಟದ ಪ್ರಶ್ನೆ ಬಂದಾಗ ಬೇರೆ ಕಡೆ ನೋಡಲು ಹೇಳಿಕೊಟ್ಟರು. ಆ ಮಕ್ಕಳ ಉತ್ತರ ಸುಧಾರಿಸಿತು. "ಎಲ್ಲಿ ನೋಡ್ತಿದ್ದೀಯ, ಇಲ್ಲಿ ನೋಡು" ಅಂತ ಕ್ಲಾಸಿನಲ್ಲಿ ಕೂಗುವ ಮೇಷ್ಟ್ರುಗಳೆಲ್ಲ ಇದನ್ನು ಓದಬೇಕು.

ಮಾತಿನಮನೆ
ನಾನು ಕಣ್ಣು ನೋಡಲು ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನಿನ್ನ ಹತ್ತಿರ ಮಾತಾಡುತ್ತಿದ್ದೇನೆ ಅಂತ ಎದುರಿನವರಿಗೆ ತಿಳಿದರೆ ಸಾಕು. ಮೈಯನ್ನು ಅವರ ಕಡೆ ತಿರುಗಿಸಬಹುದು, ತಲೆ ಆಡಿಸಬಹುದು, "ಹ್ಞಾಂ" ಅನ್ನಬಹುದು, ಕೈ ಬೀಸಬಹುದು. ಆಟಿಸಂ ಇರುವವರಿಗೆ ಎದುರಿನವರು ಅರ್ಥವಾಗುವುದಿಲ್ಲ ಅಂತ ಮೊದಲು ಹೇಳುತ್ತಿದ್ದರು. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಅದನ್ನು ತಿರುಗಿಸಿ ಕೇಳಿದರು: ಎದುರಿನವರಿಗೂ ನಾವು ಅರ್ಥವಾಗುತ್ತಿಲ್ಲವಲ್ಲ, ಬರೀ ನಮ್ಮ ಕೊರತೆ ಯಾಕೆ?

ಕಿಟಕಿಪಕ್ಕದಸೀಟು
👍

ಹೊಸಅಪ್ಪ_22
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಎರಡು ವರ್ಷ ತುಂಬಿತು. ಅಪ್ಪ, ಅಮ್ಮ, ಬಾ, ಇನ್ನೂ ಒಂದೆರಡು ಪದ. ಅಷ್ಟೇ. ಏನಾದರೂ ಬೇಕಿದ್ದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಅದರ ಮೇಲೆ ಇಡುತ್ತಾನೆ. ನಾವು ಮನೆಯಲ್ಲಿ ಎರಡು ಭಾಷೆ ಮಾತಾಡುತ್ತೇವೆ. ಅದಕ್ಕೇ ಹೀಗಾಗಿದೆ, ಒಂದನ್ನು ನಿಲ್ಲಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಹೌದಾ?

ನೆಮ್ಮದಿ
ಏನೂ ಹೆದರಬೇಡಿ. ಗಂಡು ಮಕ್ಕಳು ಮಾತು ತಡ. ನಮ್ಮ ಅಣ್ಣನ ಮಗ ಮೂರು ದಾಟಿದ ಮೇಲೆ ಬಾಯಿ ಬಿಟ್ಟ, ಈಗ ನಿಲ್ಲಿಸುವುದೇ ಕಷ್ಟ. ಐನ್‌ಸ್ಟೈನ್ ಕೂಡ ತಡ ಅಂತೆ.

ಮಾತಿನಮನೆ
ದಯವಿಟ್ಟು ಐನ್‌ಸ್ಟೈನ್ ಅವರನ್ನು ಬಿಡಿ. ಆ ಒಂದು ಹೆಸರು ಕೇಳಿಕೊಂಡು ವರ್ಷಗಟ್ಟಲೆ ಕಾದು ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಹುಡುಗರು ಸರಾಸರಿ ಸ್ವಲ್ಪ ತಡ, ನಿಜ. ಆ ಸ್ವಲ್ಪ ಅಂದರೆ ಇಷ್ಟಲ್ಲ.

ಹೊಸಅಪ್ಪ ಅವರೇ, ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಯಾವುದನ್ನೂ ನಿಲ್ಲಿಸಬೇಡಿ. ಪದ ಎಣಿಸುವಾಗ ಎರಡೂ ಭಾಷೆಯ ಪದ ಸೇರಿಸಿ ಎಣಿಸಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಮಕ್ಕಳ ಬೆಳವಣಿಗೆಯ ಪಟ್ಟಿಯಲ್ಲಿ ಎರಡು ವರ್ಷಕ್ಕೆ ಎರಡು ಪದ ಜೋಡಿಸಿ ಹೇಳುವುದು ಇದೆ, ಎರಡೂವರೆಗೆ ಸುಮಾರು 50 ಪದ. ಪದಕ್ಕಿಂತ ನಾನು ಮೊದಲು ನೋಡುವುದು ಬೆರಳು. ಅದೇ ಪಟ್ಟಿಯಲ್ಲಿ 15 ತಿಂಗಳಿಗೆ ಬೇಕಾದದ್ದನ್ನು ತೋರಿಸಿ ಕೇಳುವುದು, 18 ತಿಂಗಳಿಗೆ "ಅಲ್ಲಿ ನೋಡು" ಅನ್ನುವಂತೆ ಸುಮ್ನೆ ತೋರಿಸುವುದು ಇದೆ. ಎರಡನೆಯದು ಬಹಳ ದೊಡ್ಡ ಹೆಜ್ಜೆ. ಅಲ್ಲಿ ಅವನಿಗೆ ಏನೂ ಬೇಕಿಲ್ಲ, ನೀವೂ ನೋಡಬೇಕು ಅಂತ ಆಸೆ, ಅಷ್ಟೇ.

ಮಗ ನಾಯಿಯನ್ನೋ ವಿಮಾನವನ್ನೋ ತೋರಿಸಿ ನಿಮ್ಮ ಮುಖ ನೋಡುತ್ತಾನಾ? ಹೆಸರು ಕರೆದರೆ ತಿರುಗುತ್ತಾನಾ? ಇದಕ್ಕೆ ಉತ್ತರ ಏನೇ ಇರಲಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿತಮಟೆಯ ಹಿಂದೆ ದ್ರವ ತುಂಬಿದ್ದರೆ ಮಗುವಿಗೆ ಮಾತು ಮಂಕಾಗಿ ಕೇಳುತ್ತದೆ. ಬಾಗಿಲು ಬಡಿದ ಸದ್ದಿಗೆ ತಿರುಗುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಹೊಸಅಪ್ಪ_22
ವಿಮಾನ ತೋರಿಸುತ್ತಾನೆ, ನಮ್ಮ ಮುಖವನ್ನೂ ನೋಡುತ್ತಾನೆ. ಹೆಸರಿಗೆ ಒಮ್ಮೊಮ್ಮೆ ತಿರುಗುತ್ತಾನೆ, ಒಮ್ಮೊಮ್ಮೆ ಇಲ್ಲ. ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿದ್ದರು, ಸರಿಯಿದೆ ಅಂದಿದ್ದರು. ಪುನಃ ಬೇಕಾ?

ಮಾತಿನಮನೆ
ಬೇಕು. ಆ ದ್ರವ ತುಂಬುವುದು ಹೆಚ್ಚಾಗಿ ಹುಟ್ಟಿದ ಮೇಲೆ, ನೆಗಡಿ ಕಿವಿಸೋಂಕಿನ ಜೊತೆ. ವಿಮಾನ ತೋರಿಸುತ್ತಾನೆ ಅನ್ನುವುದು ಒಳ್ಳೆಯ ಸುದ್ದಿ.

ಎರಡುಜಡೆ
ವಾಪಸ್ ಬಂದೆ. ಮಾತು ಕಲಿಯಲಿ ಅಂತ ಮಕ್ಕಳ ವಿಡಿಯೋ ಹಾಕಿಕೊಡುತ್ತೇವಲ್ಲ, ಅದರಿಂದ ಉಪಯೋಗ ಇದೆಯಾ? ಅದರಲ್ಲೂ ಪದ ಹೇಳಿಕೊಡುತ್ತಾರೆ.

ಲೆಕ್ಕದಮೇಷ್ಟ್ರು
ಕೂಸುಗಳಿಗೆ ಇಲ್ಲ. 2003ರಲ್ಲಿ ಪೆಟ್ರೀಷಿಯಾ ಕೂಲ್ ತಂಡ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರು ಕೂತ ಮನುಷ್ಯರು ಆಟವಾಡುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ವಿಡಿಯೋದಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ವಿಡಿಯೋ ತಿರುಗಿ ಉತ್ತರ ಕೊಡುವುದಿಲ್ಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಅಂದಿತು.

ಗುಬ್ಬಚ್ಚಿ_ಅಪ್ಪ
ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮ ಮನೆಗೆ ಬಂದು ಒಂದು ಭಾನುವಾರ ಇದ್ದು ನೋಡಲಿ.

ಎರಡುಜಡೆ
ಅಜ್ಜಿಯ ಜೊತೆ ವಿಡಿಯೋ ಕಾಲ್?

ಮಾತಿನಮನೆ
ಅದು ಬೇರೆ. ಅಲ್ಲಿ ಅಜ್ಜಿ ಉತ್ತರ ಕೊಡುತ್ತಾರೆ. ಧಾರಾಳವಾಗಿ ಮಾಡಿ.

ಪುಟ್ಟಿಯಮ್ಮ
ಎಲ್ಲ ಓದುತ್ತಿದ್ದೇನೆ. ಕಣ್ಣಿನ ವಿಷಯ ಮನಸ್ಸಿಗೆ ಹಿಡಿಸಿತು. ಆದರೆ ಹೊಸಬರು ಪ್ರಶ್ನೆ ಕೇಳಿ ನಿಂತಿರುತ್ತಾರೆ, ಇವಳು ಸುಮ್ಮನಿರುತ್ತಾಳೆ. ಆ ಕ್ಷಣ ಏನು ಮಾಡುವುದು? ಕಾದರೆ ಎದುರಿನವರಿಗೆ ಮುಜುಗರ. ಇವಳ ಬದಲು ನಾನು ಹೇಳಿದರೆ, ಇವಳು ಯಾವತ್ತೂ ಹೇಳಲ್ಲ.

ಸೀಮೆಸುಣ್ಣ
ಪ್ರೈಮರಿ ಟೀಚರ್ ಇಲ್ಲಿ. ಕಾಯಿರಿ. ಮುಜುಗರ ದೊಡ್ಡವರಿಗೆ ಮಾತ್ರ, ಮಗುವಿಗಲ್ಲ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಯ ಮಾತುಕತೆಯ ಧ್ವನಿಮುದ್ರಣ ಕೇಳಿ ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಕಡಿಮೆಯಾಯಿತು, ಎಂದೂ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ನನ್ನ ತರಗತಿಯಲ್ಲಿ ಇದನ್ನು ಮಾಡುತ್ತೇನೆ. ಮೊದಮೊದಲು ಆ ಮೂರು ಸೆಕೆಂಡು ಯುಗದಂತೆ ಇರುತ್ತದೆ.

ಇನ್ನೊಂದು. "ಹೆಸರೇನು, ಯಾವ ಕ್ಲಾಸು" ಅನ್ನುವುದು ಮಾತುಕತೆ ಅಲ್ಲ, ಪರೀಕ್ಷೆ. ಹೆಸರು ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ ಅಂತ ಮಕ್ಕಳಿಗೂ ಗೊತ್ತು.

ಮಾತಿನಮನೆ
ಟೀಚರ್ ಹೇಳಿದ್ದು ನೂರಕ್ಕೆ ನೂರು. ಬರುವವರಿಗೆ ಮೊದಲೇ ಹೇಳಿಬಿಡಿ: "ಪ್ರಶ್ನೆ ಬೇಡ, ಅವಳ ಕೈಯಲ್ಲಿರುವುದರ ಬಗ್ಗೆ ಏನಾದರೂ ಮಾತಾಡಿ." "ನಿನ್ನ ಗೊಂಬೆಗೆ ಒಂದೇ ಶೂ ಇದೆಯಲ್ಲಾ" ಅಂದರೆ ಉತ್ತರ ಕೊಡಲೇಬೇಕು ಅಂತಿಲ್ಲ. ಆದ್ದರಿಂದಲೇ ಉತ್ತರ ಬರುತ್ತದೆ. ಬರದಿದ್ದರೆ "ಅವಳಿಗೆ ಸ್ವಲ್ಪ ಹೊತ್ತು ಬೇಕು, ಆಮೇಲೆ ಹೇಳುತ್ತಾಳೆ" ಅನ್ನಿ. "ನಮ್ಮವಳು ತುಂಬಾ ನಾಚಿಕೆ" ಅಂತ ಮಾತ್ರ ಅವಳ ಎದುರು ಹೇಳಬೇಡಿ. ಆ ಪಾತ್ರ ಒಮ್ಮೆ ಸಿಕ್ಕಿತು ಅಂದರೆ ಮಕ್ಕಳು ಅದನ್ನು ಚೆನ್ನಾಗಿ ಅಭಿನಯಿಸುತ್ತಾರೆ.

ಶಿಸ್ತಿನಸಿಪಾಯಿ
ಬಂದವರಿಗೆ ನಾವು ಪಾಠ ಹೇಳಿಕೊಡಬೇಕಾ? ಚೆನ್ನಾಗಿದೆ.

ಸೀಮೆಸುಣ್ಣ
ಆರು ವರ್ಷದವಳಿಗೆ ಹೇಳಿಕೊಡಬಹುದಾದರೆ ಅರವತ್ತು ವರ್ಷದವರಿಗೆ ಯಾಕೆ ಬೇಡ ಸರ್?

ಹಳೇಛತ್ರಿ
ಅರವತ್ತು ವರ್ಷದವನು ಇಲ್ಲಿದ್ದೇನೆ. ಕಲಿಯಲ್ಲ.

ಪುಟ್ಟಿಯಮ್ಮ
😄 ಸರಿ. ಮನೆಯಲ್ಲಿ ಮಾಡಿಸಬಹುದಾದ ಆಟ ಏನಾದರೂ ಇದೆಯಾ?

ಸೀಮೆಸುಣ್ಣ
ನನ್ನ ತರಗತಿಯಲ್ಲಿ ಅತಿ ಚೆನ್ನಾಗಿ ನಡೆಯುವುದು ಬೆನ್ನಿಗೆ ಬೆನ್ನು ಆಟ. ಇಬ್ಬರಿಗೂ ಒಂದೇ ಬಗೆಯ ಬ್ಲಾಕ್ ಕೊಟ್ಟು ಬೆನ್ನು ತಾಗಿಸಿ ಕೂರಿಸುತ್ತೇನೆ. ಒಬ್ಬರು ಕಟ್ಟುತ್ತಾ ಹೇಳಬೇಕು, ಇನ್ನೊಬ್ಬರು ನೋಡದೆ ಹಾಗೇ ಕಟ್ಟಬೇಕು. ಶುರುವಿನಲ್ಲಿ "ಇದನ್ನು ಇದರ ಮೇಲೆ ಇಡು" ಅನ್ನುತ್ತಾರೆ. ಯಾವುದನ್ನು ಯಾವುದರ ಮೇಲೆ! ಎದುರಿನವನಿಗೆ ಕಾಣುವುದಿಲ್ಲ ಅನ್ನುವುದು ಹೊಳೆಯಲು ಸಮಯ ಹಿಡಿಯುತ್ತದೆ. ಗೋಪುರ ತಪ್ಪಾದರೆ ಐದು ವರ್ಷದವರು ಕಟ್ಟಿದವನನ್ನೇ ಬೈಯುತ್ತಾರೆ, ತಾವು ಹೇಳಿದ್ದು ಅರ್ಧ ಅಂತ ಅನಿಸುವುದೇ ಇಲ್ಲ. ಏಳೆಂಟು ವರ್ಷದವರು "ಸರಿ, ಕೆಂಪು ಉದ್ದದ್ದು, ಅಡ್ಡ ಇಡು" ಅಂತ ತಿದ್ದಿ ಹೇಳುತ್ತಾರೆ. ಕೇಳುವವರೂ ಸುಮ್ಮನಿರಬಾರದು, "ಯಾವ ಕೆಂಪು?" ಅಂತ ತಿರುಗಿ ಕೇಳಬೇಕು. ಅರ್ಥವಾಗಲಿಲ್ಲ ಅಂತ ಹೇಳಲು ಬರುವುದು ದೊಡ್ಡ ಕೌಶಲ. ನಾಚಿಕೆಯ ಮಕ್ಕಳಿಗೆ ಈ ಆಟ ಇಷ್ಟ, ಮುಖ ನೋಡುವ ಕಾಟವೇ ಇಲ್ಲವಲ್ಲ.

ಇದಕ್ಕೆ ಉಲ್ಟಾ ಇನ್ನೊಂದು: ಮಾತಿಲ್ಲದೆ ಅಭಿನಯಿಸಿ ಏನೆಂದು ಹೇಳಿಸುವುದು. ಅದು ಎಲ್ಲರಿಗೂ ಗೊತ್ತಿರುವಂಥದ್ದೇ.

ಕಿಟಕಿಪಕ್ಕದಸೀಟು
ಬೆನ್ನಿಗೆ ಬೆನ್ನು ಆಟ ನಮ್ಮ ಆಫೀಸಿನಲ್ಲಿ ಆಡಿಸಬೇಕು. ಅರ್ಧ ಮೀಟಿಂಗ್ ಉಳಿಯುತ್ತದೆ.

ನೆಮ್ಮದಿ
ಇವೆಲ್ಲದಕ್ಕಿಂತ "ಸಾರಿ", "ಥ್ಯಾಂಕ್ಸ್" ಹೇಳಲು ಮೊದಲು ಕಲಿಸಿ. ಈಗಿನ ಮಕ್ಕಳಿಗೆ ಅದೇ ಬರಲ್ಲ.

ಗುಬ್ಬಚ್ಚಿ_ಅಪ್ಪ
ನಮ್ಮವನಿಗೆ ಸಾರಿ ಚೆನ್ನಾಗಿ ಬರುತ್ತದೆ. ತಂಗಿಗೆ ಹೊಡೆಯುತ್ತಾನೆ, ಸಾರಿ ಅನ್ನುತ್ತಾನೆ, ಪುನಃ ಹೊಡೆಯುತ್ತಾನೆ. ಈಗ ಸಾರಿ ಕೇಳುವುದು ಬಿಟ್ಟೆವು. "ಅವಳ ಮುಖ ನೋಡು, ಏನಾಗಿದೆ?" ಅಂತ ಕೇಳುತ್ತೇವೆ. ಅವನೇ ಹೋಗಿ ಗೊಂಬೆ ತಂದು ಕೊಡುತ್ತಾನೆ. ಕೆಲವು ಸಲ. ಕೆಲವು ಸಲ "ಏನೂ ಆಗಿಲ್ಲ, ಸುಮ್ನೆ ಅಳ್ತಿದ್ದಾಳೆ" ಅನ್ನುತ್ತಾನೆ.

ಎರಡುಜಡೆ
"ಬೇಡ" ಅನ್ನಲೂ ಕಲಿಸಬೇಕು. ತಬ್ಬಿಕೊಳ್ಳಲು ಇಷ್ಟವಿಲ್ಲ ಅಂತ ಮಗು ಮೈ ಬಿಗಿ ಹಿಡಿದರೂ "ಹೋಗು, ಮುತ್ತು ಕೊಡು" ಅಂತ ತಳ್ಳುತ್ತೇವೆ. ಮಗುವಿನ ದೇಹಭಾಷೆಯನ್ನು ನಾವೇ ಓದದೆ, ಊರವರ ದೇಹಭಾಷೆ ಓದಲು ಅವಳಿಗೆ ಕ್ಲಾಸಾ?

ಪುಟ್ಟಿಯಮ್ಮ
ಹೊಸ ಸುದ್ದಿ. ನಮ್ಮವರಿಗೆ ಈ ಚರ್ಚೆ ತೋರಿಸಿದೆ. 93ರ ಕಥೆ ಓದಿ ಕ್ಲಾಸಿನವರಿಗೆ ಫೋನ್ ಮಾಡಿದರು. ಆ ಕಡೆಯವರು "ಸರ್, ಅದು ವೈಜ್ಞಾನಿಕ" ಅಂದರಂತೆ, ಇವರು "ಯಾವ ವರ್ಷದ್ದು?" ಅಂದರಂತೆ. ಕಾಲ್ ಕಟ್ ಆಯಿತು. ಕ್ಲಾಸ್ ಸದ್ಯಕ್ಕೆ ಇಲ್ಲ. ಆದರೆ ಅವಳ ಶಾಲೆಯಲ್ಲಿ ನಾಟಕದ ತಂಡ ಇದೆ. ಅವಳೇ "ಮರದ ಪಾರ್ಟ್ ಇದ್ರೆ ಸೇರ್ತೀನಿ" ಅಂದಿದ್ದಾಳೆ. ಸೇರಿಸಲಾ?

ಸೀಮೆಸುಣ್ಣ
ಖಂಡಿತ ಸೇರಿಸಿ. ಮರಕ್ಕೆ ಎಲ್ಲರ ಡೈಲಾಗೂ ಬರುತ್ತದೆ, ನೋಡುತ್ತಿರಿ.

ಶಿಸ್ತಿನಸಿಪಾಯಿ
ನಾಟಕ ಒಳ್ಳೆಯದು. ಅದರಲ್ಲಿ ಶಿಸ್ತು ಇದೆ. ಇದೊಂದಕ್ಕೆ ನಾನೂ ಒಪ್ಪುತ್ತೇನೆ.

ಹೊಸಅಪ್ಪ_22
ಕಿವಿ ಪರೀಕ್ಷೆಗೆ ಮುಂದಿನ ವಾರ ಸಮಯ ಸಿಕ್ಕಿತು. ಅವನು ಹೊಸ ಜಾಗದಲ್ಲಿ ಬಾಯೇ ಬಿಡಲ್ಲ. ಡಾಕ್ಟರ್ ಮುಂದೆ ಏನೂ ತೋರಿಸದಿದ್ದರೆ?

ಮಾತಿನಮನೆ
ಮನೆಯಲ್ಲಿ ಆಡುವಾಗ ವಿಡಿಯೋ ಮಾಡಿಕೊಂಡು ಹೋಗಿ. ಅವನನ್ನು ಮಾತಾಡಿಸಲು ಹೋಗಬೇಡಿ, ಸುಮ್ನೆ ಜೊತೆಗೆ ಕೂತು ಆಡಿ. ಅವನ ಮುಖ, ಕೈ ಎರಡೂ ಕಾಣುವಂತಿರಲಿ. ಹೇಳುವ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಳ್ಳಿ. ನಾಯಿಗೆ "ಬೌ", ಗಾಡಿಗೆ "ಡುರ್" ಅಂದರೆ ಅದೂ ಪದವೇ, ಅದನ್ನೂ ಬರೆಯಿರಿ. ನೆಗಡಿ ಇದ್ದರೆ ಮೊದಲೇ ಹೇಳಿ.

ಹೊಸಅಪ್ಪ_22
"ಡುರ್" ಪದ ಅಂತ ಲೆಕ್ಕವಾದರೆ ನಮ್ಮ ಪಟ್ಟಿ ಒಂದೇ ಸಲಕ್ಕೆ ಡಬಲ್ ಆಯಿತು! ಇವತ್ತೇ ಬರೆಯಲು ಕೂರುತ್ತೇನೆ.